ಚುಕ್ಕಿಗೆ ಏನಾಯಿತು ಉಮ್ಮಾ?

ಕಳೆದ ಮಳೆಗಾಲದ ಒಂದು ಮುಂಜಾನೆ. ಸುಬ್‌ಹಿ ನಮಾಝ್ ಮುಗಿಸಿ ಹಾಲಿಗೆಂದು ಗೇಟು ತೆರೆದಾಗ ರಸ್ತೆಯ ಅಂಚಿನಲ್ಲಿ ನಮ್ಮ ಬೆಕ್ಕು ಬಿದ್ದಿತ್ತು. ರಾತ್ರಿ ಯಾವುದೋ ವಾಹನ ತಾಗಿರಬೇಕು. ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ. ಮಳೆಯಲ್ಲಿ ನೆನೆದು ಎಂದಿಗಿಂತ ಚಿಕ್ಕದಾಗಿ ಕಾಣುತ್ತಿತ್ತು, ಅಷ್ಟೇ. ಒಳಗೆ ಏಳು ವರ್ಷದ ಮಗಳು ಮಲಗಿದ್ದಳು. ಆ ಬೆಕ್ಕು ಅವಳದ್ದು. ಅದಕ್ಕೆ ಮುನ್ನಿ ಎಂದು ಹೆಸರಿಟ್ಟವಳೂ ಅವಳೇ. ಶಾಲೆಯಿಂದ ಬಂದವಳು ಮೊದಲು ಕೈ ತೊಳೆಯುತ್ತಿರಲಿಲ್ಲ, ಮೊದಲು ಮುನ್ನಿಯನ್ನು ಹುಡುಕುತ್ತಿದ್ದಳು.

ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಅವಳು ಏಳುವುದರೊಳಗೆ ಬೇಲಿಯ ಬದಿಯಲ್ಲಿ ಹೂತುಬಿಡುವುದು. ಗೋಣಿಚೀಲವನ್ನೂ ತಂದೆ. "ಎಲ್ಲಿಗೋ ಹೋಗಿದೆ ಎಂದು ಹೇಳಿಬಿಡು, ನಾಲ್ಕು ದಿನದಲ್ಲಿ ಮರೆಯುತ್ತಾಳೆ" ಎಂದರು ನನ್ನವರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ, ಮಗಳ ಮೇಲಿನ ಪ್ರೀತಿಯೇ ಇತ್ತು. ಆದರೆ ಗೋಣಿಚೀಲ ಹಿಡಿದು ನಿಂತವಳ ಕೈ ಅಲ್ಲೇ ನಿಂತಿತು. ಏಕೆಂದರೆ ಇದೇ ಮಾತನ್ನು ನನಗೂ ಒಮ್ಮೆ ಹೇಳಿದ್ದರು. ನಾಲ್ಕು ದಿನವಲ್ಲ, ಮೂವತ್ತೇಳು ವರ್ಷವಾದರೂ ನಾನು ಮರೆತಿಲ್ಲ.

ನನ್ನ ಬಾಲ್ಯ ಕಳೆದದ್ದು ನೇತ್ರಾವತಿಯ ದಂಡೆಯ ಒಂದು ಹಳ್ಳಿಯಲ್ಲಿ. ಮನೆಯ ಹಿಂದೆ ಸೋಗೆ ಹೊದೆಸಿದ ಪುಟ್ಟ ಹಟ್ಟಿ. ಅದರಲ್ಲಿ ಒಂದು ಗಿಡ್ಡ ತಳಿಯ ಹಸು, ನಾಲ್ಕಾರು ಆಡುಗಳು, ಲೆಕ್ಕವಿಲ್ಲದಷ್ಟು ಕೋಳಿಗಳು. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಆಡು ಎರಡು ಮರಿ ಹಾಕಿ ಸತ್ತುಹೋಯಿತು. ಒಂದು ಮರಿ ಬೆಳಗಾಗುವುದರೊಳಗೆ ತಾಯಿಯ ಹಿಂದೆಯೇ ಹೋಯಿತು. ಉಳಿದದ್ದನ್ನು ಉಮ್ಮ ಹಳೆಯ ಲುಂಗಿಯಲ್ಲಿ ಸುತ್ತಿ ಅಡುಗೆಮನೆಯ ಒಲೆಯ ಪಕ್ಕ ಮಲಗಿಸಿದರು. ನನ್ನ ತಮ್ಮ ಕುಡಿದುಬಿಟ್ಟಿದ್ದ ಹಾಲಿನ ಬಾಟಲಿಯಲ್ಲಿ ಹಸುವಿನ ಹಾಲು ತುಂಬಿ, ರಾತ್ರಿ ಎರಡೆರಡು ಬಾರಿ ಎದ್ದು ಕುಡಿಸಿದರು. ಕಪ್ಪು ಮೈ, ಹಣೆಯ ಮೇಲೆ ನಾಲ್ಕಾಣೆಯಷ್ಟು ಬಿಳಿ ಮಚ್ಚೆ. ಆದ್ದರಿಂದ ಚುಕ್ಕಿ.

ಚುಕ್ಕಿಗೆ ತಾನು ಆಡು ಎಂಬುದೇ ಗೊತ್ತಿರಲಿಲ್ಲವೇನೋ. ಉಮ್ಮ ಬಾವಿಗೆ ಹೋದರೆ ಬಾವಿಗೆ, ತೋಟಕ್ಕೆ ಹೋದರೆ ತೋಟಕ್ಕೆ. ಅವರು ನಮಾಝ್‌ಗೆ ನಿಂತರೆ ಬಾಗಿಲ ಹೊಸ್ತಿಲಿನಾಚೆ ಕಾದು ನಿಲ್ಲುತ್ತಿತ್ತು. ಒಳಗೆ ಬರಬಾರದೆಂದು ಅದಕ್ಕೆ ಯಾರು ಕಲಿಸಿದರೋ! ಒಮ್ಮೆ ನನ್ನ ಗಣಿತದ ಪುಸ್ತಕದ ಹನ್ನೆರಡು ಹಾಳೆ ತಿಂದು ನನಗೆ ಶಾಲೆಯಲ್ಲಿ ಪೆಟ್ಟು ತಿನ್ನಿಸಿತ್ತು. ಆ ಪೆಟ್ಟು ಈಗ ಸಿಹಿಯಾಗಿಯೇ ನೆನಪಾಗುತ್ತದೆ.

ಮುಂದಿನ ವರ್ಷದ ಬಕ್ರೀದ್‌ಗೆ ಎರಡು ವಾರ ಇರುವಾಗ ಒಂದು ದಿನ ಶಾಲೆಯಿಂದ ಬಂದರೆ ಚುಕ್ಕಿ ಇಲ್ಲ. "ಅಜ್ಜಿಮನೆಗೆ ಹೋಗಿದೆ, ಅಲ್ಲಿ ಹುಲ್ಲು ಜಾಸ್ತಿ" ಎಂದರು ತಂದೆ. ನಾನು ನಂಬಿದೆ. ರಜೆಯಲ್ಲಿ ಅಜ್ಜಿಮನೆಗೆ ಹೋದಾಗ ಬಸ್ಸಿನಿಂದ ಇಳಿದವಳೇ ಹಟ್ಟಿಗೆ ಓಡಿದೆ. "ಯಾವ ಆಡು ಮಗಾ?" ಎಂದು ಅಜ್ಜಿ ಕೇಳಿದಾಗ ನನಗೆ ಎಲ್ಲವೂ ಅರ್ಥವಾಯಿತು. ಅಳಲಿಲ್ಲ. ಆದರೆ ಆ ನಂತರ ತಂದೆ ಯಾವುದಾದರೂ ಸಂತೋಷದ ಸುದ್ದಿ ಹೇಳಿದರೂ ಒಂದು ಕ್ಷಣ ಅವರ ಮುಖವನ್ನು ನೋಡಿಯೇ ನಂಬುವ ಅಭ್ಯಾಸವಾಯಿತು. ಅದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಅಲ್ಲಾಹನು ಅವರನ್ನು ಕ್ಷಮಿಸಲಿ. ಅವರ ಕಷ್ಟ ನನಗೆ ಈಗ ಗೊತ್ತು. ಆ ವರ್ಷ ಮಳೆಗೆ ಮಾಡು ಸೋರುತ್ತಿತ್ತು, ಚುಕ್ಕಿಯ ಹಣದಿಂದಲೇ ಹಂಚು ಬಂದದ್ದು.

ಆದರೆ ನನಗೆ ಹೆಚ್ಚು ನೆನಪಿರುವುದು ಉಮ್ಮ. ಚುಕ್ಕಿ ಹೋದ ಮರುದಿನ ಸಂಜೆ ಅವರು ಎಂದಿನಂತೆ ಹಲಸಿನ ಎಲೆಯ ಕಟ್ಟು ಕಡಿದು ತಂದರು. ಹಟ್ಟಿಯ ಬಾಗಿಲಿಗೆ ಬಂದು ಹಾಗೆಯೇ ನಿಂತರು. ಎಷ್ಟು ಹೊತ್ತು ನಿಂತರೋ ತಿಳಿಯದು. ಆಮೇಲೆ ಆ ಸೊಪ್ಪನ್ನು ಹಸುವಿನ ಮುಂದೆ ಹಾಕಿ ಒಳಗೆ ಹೋಗಿ ಅಕ್ಕಿ ಆರಿಸಲು ಕುಳಿತರು. ಮನೆಯಲ್ಲಿ ಯಾರೂ ಅವರನ್ನು ಏನೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಯಾರೂ ಕೇಳದ ದುಃಖ

ನಮ್ಮ ಮನೆಗಳಲ್ಲಿ ಹಟ್ಟಿಯ ಕೆಲಸ ಯಾರದು? ಸಗಣಿ ಬಾಚುವವರು, ಕಲಗಚ್ಚು ಕಾಯಿಸುವವರು, ಕರು ಹಾಕುವ ರಾತ್ರಿ ಲಾಟೀನು ಹಿಡಿದು ಕೂರುವವರು, ಕಾಗೆ ಹದ್ದುಗಳಿಂದ ಕೋಳಿಮರಿಗಳನ್ನು ಕಾಯುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಆದರೆ ಮಾರುವ ದಿನ, ಬೆಲೆ ಕುದುರಿಸುವ ದಿನ ಅಂಗಳದಲ್ಲಿ ಗಂಡಸರೇ. ಇದನ್ನು ದೂರಲು ಹೇಳುತ್ತಿಲ್ಲ. ಸಾಕುಪ್ರಾಣಿ ಬಡವರ ಬ್ಯಾಂಕು, ಕಷ್ಟ ಬಂದಾಗ ಹಣ ತೆಗೆಯಲೇಬೇಕು. ಆದರೆ ದಿನಕ್ಕೆ ಮೂರು ಬಾರಿ ಆ ಪ್ರಾಣಿಯ ಕಣ್ಣು ನೋಡಿದವಳಿಗೆ ಆ ದಿನ ಏನಾಯಿತು ಎಂದು ಕೇಳುವುದಕ್ಕೆ ಹಣ ಬೇಕಾಗಿರಲಿಲ್ಲವಲ್ಲ!

ಮನುಷ್ಯರು ತೀರಿಕೊಂಡರೆ ನಮಗೊಂದು ದಾರಿ ಇದೆ. ಜನ ಬರುತ್ತಾರೆ, ದುಆ ಮಾಡುತ್ತಾರೆ, ಮೂರು ದಿನ ನೆರೆಮನೆಯಿಂದ ಅನ್ನ ಬರುತ್ತದೆ. ಹಸು ಸತ್ತ ಮನೆಗೆ ಯಾರು ಅನ್ನ ತರುತ್ತಾರೆ? ಬೆಕ್ಕು ಸತ್ತಿದ್ದಕ್ಕೆ ರಜೆ ಕೇಳಿದರೆ ನಗುವವರೇ ಹೆಚ್ಚು. ಕೆನ್ನೆತ್ ಡೋಕಾ ಎಂಬ ಅಮೇರಿಕದ ವಿದ್ವಾಂಸರು 1989ರಲ್ಲಿ ಇಂತಹ ದುಃಖಕ್ಕೊಂದು ಹೆಸರು ಕೊಟ್ಟರು. ಸಮಾಜ ಮಾನ್ಯ ಮಾಡದ, ಬಹಿರಂಗವಾಗಿ ತೋಡಿಕೊಳ್ಳಲಾಗದ ದುಃಖವೆಂಬುದು ಅದರ ಅರ್ಥ. ಸಾಕುಪ್ರಾಣಿಯ ಸಾವು ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಇಂತಹ ದುಃಖದ ಸಂಕಟ ಎರಡು ಪಟ್ಟು. ಒಂದು ಕಳೆದುಕೊಂಡ ನೋವು, ಇನ್ನೊಂದು 'ಇಷ್ಟಕ್ಕೆಲ್ಲಾ ಅಳುತ್ತೇನಲ್ಲಾ' ಎಂಬ ನಾಚಿಕೆ.

ಆ ನಾಚಿಕೆ ನಮಗೆ ಎಲ್ಲಿಂದ ಬಂತು? ಪ್ರವಾದಿವರ್ಯರ(ಸ) ಜೀವನದಿಂದಂತೂ ಖಂಡಿತ ಬಂದಿಲ್ಲ.

ಮದೀನಾದಲ್ಲಿ ಉಮ್ಮು ಸುಲೈಮ್(ರ) ಮತ್ತು ಅಬೂ ತಲ್ಹಾ(ರ) ದಂಪತಿಗೆ ಅಬೂ ಉಮೈರ್ ಎಂಬ ಪುಟ್ಟ ಮಗನಿದ್ದ. ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಅನಸ್‌ರ(ರ) ತಮ್ಮ. ಅವನ ಬಳಿ ನುಗರ್ ಎಂಬ ಜಾತಿಯ ಪುಟ್ಟ ಹಕ್ಕಿಯಿತ್ತು, ಗುಬ್ಬಚ್ಚಿಯಷ್ಟು ಗಾತ್ರದ್ದು. ಒಂದು ದಿನ ಆ ಮನೆಗೆ ಬಂದ ಪ್ರವಾದಿವರ್ಯರು(ಸ) ಹುಡುಗ ಮಂಕಾಗಿರುವುದನ್ನು ಕಂಡು ಕಾರಣ ಕೇಳಿದರು. ಹಕ್ಕಿ ಸತ್ತುಹೋಯಿತು ಎಂದು ಮನೆಯವರು ಹೇಳಿದರು. ಆಗ ಅವರು ಆ ಮಗುವಿನ ಬಳಿಯೇ ಹೋಗಿ, ಅವನ ಹೆಸರು ಹಿಡಿದು ಕರೆದು, ನಿನ್ನ ಪುಟ್ಟ ಹಕ್ಕಿಗೆ ಏನಾಯಿತು ಎಂದು ಕೇಳಿದರು. ಅರಬಿಯಲ್ಲಿ ಆ ಪ್ರಶ್ನೆಯಲ್ಲಿ ಹುಡುಗನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಕೂಡುತ್ತದೆ. ಮಕ್ಕಳ ಹಾಡಿನಂತೆ ಕೇಳಿಸುವ ಮಾತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ.

ಗಮನಿಸಿ. ಆಗ ಅವರ ಹೆಗಲ ಮೇಲೆ ಒಂದು ಸಮಾಜದ ಹೊಣೆಯೇ ಇತ್ತು. 'ಅಷ್ಟಕ್ಕೇಕೆ ಅಳುವುದು' ಎಂದು ಅವರು ಹೇಳಲಿಲ್ಲ. ಇನ್ನೊಂದು ಹಕ್ಕಿ ತರಿಸುತ್ತೇನೆ ಎನ್ನಲಿಲ್ಲ. ಹಾರಿಹೋಗಿದೆ, ನಾಳೆ ಬರುತ್ತದೆ ಎಂದೂ ಅನ್ನಲಿಲ್ಲ. ಸತ್ತ ಹಕ್ಕಿಯ ವಿಷಯವನ್ನೇ ಎತ್ತಿ ಕೇಳಿದರು. ಹತ್ತನೆಯ ಶತಮಾನದ ವಿದ್ವಾಂಸ ಇಬ್ನುಲ್ ಕಾಸ್ಸ್ ಈ ಒಂದೇ ಹದೀಸಿನಿಂದ ಅರುವತ್ತು ಪಾಠಗಳನ್ನು ಹೆಕ್ಕಿ ಪ್ರತ್ಯೇಕ ಕೃತಿಯನ್ನೇ ರಚಿಸಿದರು. ಅಷ್ಟು ದೊಡ್ಡ ವಿದ್ವಾಂಸರ ಮುಂದೆ ನನ್ನದೇನು ಲೆಕ್ಕ! ಆದರೂ ಅಡುಗೆಮನೆಯ ಹೆಂಗಸಾಗಿ ನನಗೆ ಕಾಣುವುದು ಇಷ್ಟು: ಅವರು ಕೇಳಿದರು. ಅದೊಂದೇ ನಮ್ಮ ಮನೆಯಲ್ಲಿ ಯಾರೂ ಉಮ್ಮನಿಗೆ ಮಾಡದಿದ್ದ ಕೆಲಸ.

ಪ್ರವಾದಿವರ್ಯರ(ಸ) ಒಂಟೆಗೆ ಕಸ್ವಾ ಎಂಬ ಹೆಸರಿತ್ತು. ಹುದೈಬಿಯಾದ ದಾರಿಯಲ್ಲಿ ಅದು ಕುಳಿತುಬಿಟ್ಟಾಗ ಜನ ಅದಕ್ಕೆ ಹಟವೆಂದರು. ಅದರ ಸ್ವಭಾವ ಅದಲ್ಲ ಎಂದು ಅದರ ಪರವಾಗಿ ಮಾತನಾಡಿದವರು ಪ್ರವಾದಿವರ್ಯರು(ಸ). ಅತಿ ಹೆಚ್ಚು ಹದೀಸ್ ವರದಿ ಮಾಡಿದ ಸಹಾಬಿಯನ್ನು ನಾವು ಕರೆಯುವುದು ಅಬೂ ಹುರೈರಾ(ರ) ಎಂದು. ಬೆಕ್ಕಿನ ಮರಿಯವರು ಎಂದು ಅದರರ್ಥ. ಮನೆಯ ಆಡುಗಳನ್ನು ಕಾಯುವಾಗ ಅವರೊಡನೆ ಒಂದು ಬೆಕ್ಕಿನ ಮರಿ ಇರುತ್ತಿತ್ತಂತೆ. ಆ ಮರಿ ಸತ್ತು ಹದಿನಾಲ್ಕು ಶತಮಾನ ಕಳೆದರೂ ನಾವು ದಿನವೂ ಅದನ್ನು ನೆನೆಯುತ್ತಿದ್ದೇವೆ ಎಂದು ನಗುತ್ತಾ ಹೇಳಿದರೆ ತಪ್ಪಾಗದು. (ಮಲಗಿದ ಬೆಕ್ಕಿಗೆ ಎಚ್ಚರವಾಗಬಾರದೆಂದು ಅಂಗಿಯ ತೋಳನ್ನು ಕತ್ತರಿಸಿದ ಕಥೆಯನ್ನು ನಾವೆಲ್ಲಾ ಮಕ್ಕಳಿಗೆ ಹೇಳುತ್ತೇವೆ. ಅದು ಹದೀಸ್ ಗ್ರಂಥಗಳಲ್ಲಿಲ್ಲ. ಇರುವುದನ್ನು ಹೇಳಿದರೂ ಬೇಕಾದಷ್ಟಾಗುತ್ತದೆ.)

ಕಲ್ಲಿನಲ್ಲಿ ಉಳಿದ ನೆನಪು

ಪ್ರಾಣಿಯನ್ನು ಹೆಸರಿಟ್ಟು ನೆನೆಯುವುದು ಪಟ್ಟಣದ ಹೊಸ ಶೋಕಿ ಎಂದು ಕೆಲವರು ಹೇಳುವುದುಂಟು. ಅವರು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನ ಕಥೆ ಕೇಳಬೇಕು. ಗಂಗ ವಂಶದ ಅರಸ ಎರಡನೆಯ ಬೂತುಗ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳರ ವಿರುದ್ಧ ಹೋರಾಡಿದ. ಅವನ ಯೋಧ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಮಣಲೇರ ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಮುಂದೆ ದೊಡ್ಡ ಕಾಡುಹಂದಿಯೊಂದಿಗೆ ಕಾದಾಡಿ, ಹಂದಿಯೂ ನಾಯಿಯೂ ಜೊತೆಯಲ್ಲೇ ಸತ್ತವು. ಅದರ ನೆನಪಿಗೆ ಮಣಲೇರ ಕಲ್ಲು ನೆಡಿಸಿದ, ಜಮೀನನ್ನೂ ಬಿಟ್ಟ. ಸುಮಾರು 949ರ ಆ ಹಳಗನ್ನಡ ಶಾಸನದ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ನಾಯಿ ಮತ್ತು ಹಂದಿಯ ಸೆಣಸಾಟವನ್ನು ಅದರಲ್ಲಿ ಕೆತ್ತಲಾಗಿದೆ. ಒಂದು ದೊಡ್ಡ ಯುದ್ಧದ ಸುದ್ದಿಯೂ ಒಂದು ನಾಯಿಯ ಸಾವಿನ ಸುದ್ದಿಯೂ ಒಂದೇ ಕಲ್ಲಿನ ಮೇಲೆ!

ನಾಯಿಯೇ ಎಂದು ಮೂಗು ಮುರಿಯುವವರಿದ್ದಾರೆ. ಗುಹಾವಾಸಿಗಳ ಜೊತೆಗಿದ್ದ ನಾಯಿಯನ್ನು ಕುರ್‌ಆನ್ ಉಲ್ಲೇಖಿಸಿದೆ, ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದುಕೊಟ್ಟವನಿಗೆ ಕ್ಷಮೆ ಸಿಕ್ಕಿತೆಂದು ಹದೀಸ್ ಹೇಳಿದೆ ಎಂಬುದನ್ನು ಅವರಿಗೆ ನೆನಪಿಸಿದರೆ ಸಾಕು.

ಇನ್ನು ಬೆಕ್ಕುಗಳ ವಿಷಯಕ್ಕೆ ಬಂದರೆ ಇಸ್ತಾಂಬುಲ್ ನಗರವನ್ನು ಮೀರಿಸುವವರಿಲ್ಲ. ಅಲ್ಲಿನ ಆಯಾ ಸೋಫಿಯಾದಲ್ಲಿ ಗ್ಲಿ ಎಂಬ ಹೆಣ್ಣುಬೆಕ್ಕು ಇತ್ತು. 2004ರಲ್ಲಿ ಹುಟ್ಟಿದ ಅದು ಕಟ್ಟಡ ವಸ್ತುಸಂಗ್ರಹಾಲಯವಾಗಿದ್ದಾಗಲೂ ಅಲ್ಲಿತ್ತು, 2020ರ ಜುಲೈಯಲ್ಲಿ ಮತ್ತೆ ಮಸೀದಿಯಾದಾಗಲೂ ಅಲ್ಲೇ ಉಳಿಯಿತು. ಅದೇ ವರ್ಷದ ನವೆಂಬರ್ 7ರಂದು ಅದು ಸತ್ತಾಗ ಜಗತ್ತಿನ ಪತ್ರಿಕೆಗಳೆಲ್ಲಾ ಸುದ್ದಿ ಮಾಡಿದವು. ಅದೇ ನಗರದ ಬೀದಿಯೊಂದರ ಮೆಟ್ಟಿಲಿಗೆ ಮೊಣಕೈ ಊರಿ ಯಜಮಾನನಂತೆ ಒರಗಿ ಕೂರುತ್ತಿದ್ದ ತೊಂಬಿಲಿ ಎಂಬ ದಪ್ಪ ಬೆಕ್ಕು 2016ರಲ್ಲಿ ಸತ್ತಾಗ, ಅದೇ ಭಂಗಿಯ ಕಂಚಿನ ಮೂರ್ತಿಯನ್ನು ಅದೇ ಜಾಗದಲ್ಲಿಟ್ಟರು. ಯಾರೋ ಅದನ್ನು ಕದ್ದರು, ಜನ ಗದ್ದಲ ಎಬ್ಬಿಸಿದ ಮೇಲೆ ಅದು ಮರಳಿ ಸ್ವಸ್ಥಾನ ಸೇರಿತು. ಮೂರ್ತಿ ಮಾಡಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಬೇಡ. ಒಂದು ಬೀದಿಯ ಜನರೆಲ್ಲಾ ಒಟ್ಟಾಗಿ ದುಃಖಿಸಿದರು ಎಂಬುದಷ್ಟೇ ನನಗೆ ಮುಖ್ಯ.

ಹಟ್ಟಿ ಬರಿದಾದಾಗ

ಒಂದು ಬೆಕ್ಕಿನ ಮಾತು ಹಾಗಿರಲಿ. ಹಟ್ಟಿಗೆ ಹಟ್ಟಿಯೇ ಬರಿದಾದರೆ?

2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹರಡಿತು. ತಡೆಯಲೆಂದು ಸರಕಾರ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಿಸಿತು. ರೋಗ ತಗಲಿದವು ಮಾತ್ರವಲ್ಲ, ಪಕ್ಕದ ಹೊಲದ ಆರೋಗ್ಯವಂತ ಪ್ರಾಣಿಗಳನ್ನೂ. ಕುಂಬ್ರಿಯಾ ಎಂಬ ಪ್ರದೇಶಕ್ಕೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿತ್ತು. ನಂತರ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಲ್ಲಿನ 54 ಮಂದಿಗೆ ವಾರವಾರವೂ ದಿನಚರಿ ಬರೆಯಲು ಹೇಳಿದರು. ರೈತರು, ಪಶುವೈದ್ಯರು, ಲಾರಿ ಚಾಲಕರು, ಅಂಗಡಿಯವರು ಹದಿನೆಂಟು ತಿಂಗಳು ಬರೆದರು. 2005ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮನೆಯವರನ್ನೇ ಕಳೆದುಕೊಂಡಂತಹ ಶೋಕ, ಕಣ್ಣ ಮುಂದೆ ಮತ್ತೆ ಮತ್ತೆ ಬರುವ ಆ ದಿನಗಳ ದೃಶ್ಯಗಳು, ಇನ್ನೊಮ್ಮೆ ಹೀಗಾದೀತೆಂಬ ಭಯ. ಗಟ್ಟಿ ಎದೆಯ ರೈತರು ಇವನ್ನೆಲ್ಲಾ ಯಾರೊಂದಿಗೂ ಆಡದೆ ಕಾಗದದ ಮೇಲೆ ಬರೆದಿದ್ದರು. ಪರಿಹಾರದ ಹಣ ಬಂದಿತ್ತು. ಹಣದಿಂದ ಬೇರೆ ಮಂದೆ ಬರಬಹುದು, ಮೂರು ತಲೆಮಾರು ಸಾಕಿ ಬೆಳೆಸಿದ ಮಂದೆ ಬರುವುದಿಲ್ಲ.

ದೂರದ ದೇಶದ ಮಾತೇಕೆ? 2022ರಲ್ಲಿ ನಮ್ಮ ದೇಶದಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದದ್ದು ನಿಮಗೆ ನೆನಪಿರಬಹುದು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ವೈರಾಣು ರೋಗವದು. ಮನುಷ್ಯರಿಗೆ ತಗಲುವುದಿಲ್ಲ. ಜ್ವರ ಬಂದು, ಮೈತುಂಬ ಗಂಟುಗಳೆದ್ದು, ಹಸು ಮೇವು ಬಿಡುತ್ತದೆ. ಗುಜರಾತ್, ರಾಜಸ್ಥಾನಗಳಲ್ಲಿ ಹಾಹಾಕಾರವೆದ್ದಿತು, ಕರ್ನಾಟಕದ ಹಳ್ಳಿಗಳನ್ನೂ ಅದು ಬಿಡಲಿಲ್ಲ. ನಮ್ಮ ಸರಕಾರ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ನೀಡಿತು.

ಆಗ ಮಲೆನಾಡಿನ ನಮ್ಮ ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ. ವಿಧವೆ ಹೆಂಗಸು. ಒಂದೇ ಹಸು, ಅದರ ಹಾಲು ಡೇರಿಗೆ ಕೊಟ್ಟೇ ಎರಡು ಮಕ್ಕಳನ್ನು ಓದಿಸಿದವರು. ಹದಿನೆಂಟು ದಿನ ಬೇವಿನ ಎಲೆ ಬೇಯಿಸಿದ ನೀರಿನಲ್ಲಿ ಅದರ ಹುಣ್ಣುಗಳನ್ನು ತೊಳೆದರಂತೆ. ಕೊನೆಯ ರಾತ್ರಿ ಅದರ ತಲೆ ತೊಡೆಯ ಮೇಲಿಟ್ಟು ಕುಳಿತಿದ್ದರಂತೆ. ಬೆಳಿಗ್ಗೆ ಜೆಸಿಬಿ ಬಂತು, ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದರು. ಅವರು ಹೇಳಿದ ಮಾತು ಮನಸ್ಸಿನಲ್ಲಿ ಹಾಗೆಯೇ ಕುಳಿತಿದೆ: "ಬಂದವರೆಲ್ಲಾ ಪರಿಹಾರ ಸಿಕ್ಕಿತೇ ಎಂದು ಕೇಳಿದರು. ಅದರ ಹೆಸರೇನಿತ್ತು ಎಂದು ಒಬ್ಬರೂ ಕೇಳಲಿಲ್ಲ." ನಾನೂ ಮೊದಲು ಕೇಳಿದ್ದು ಪರಿಹಾರದ ಬಗ್ಗೆಯೇ. ತಲೆ ತಗ್ಗಿಸಿ, ಹೆಸರೇನೆಂದು ಕೇಳಿದೆ. "ಸುಂದರಿ" ಎಂದರು. ಆಮೇಲೆ ಚಹಾ ಆರುವವರೆಗೂ ಸುಂದರಿಯ ವಿಷಯವೇ. ಅದು ಬೇರೆಯವರು ಹಾಲು ಕರೆಯಲು ಬಂದರೆ ಹಾಲನ್ನು ಎತ್ತಿ ಹಿಡಿಯುತ್ತಿತ್ತಂತೆ. ಒಮ್ಮೆ ಇವರು ಜ್ವರ ಬಂದು ಮಲಗಿದಾಗ ಇವರ ಹಳೆಯ ಸೀರೆ ಸುತ್ತಿಕೊಂಡು ಹೋಗಿ ಮಗನೇ ಹಾಲು ಕರೆದನಂತೆ. ಹೇಳುತ್ತಾ ಅವರು ನಕ್ಕರು. ಆ ಮನೆಯಲ್ಲಿ ಆ ವಾರ ಅದೇ ಮೊದಲ ನಗು ಎಂದು ಮಗ ನನಗೆ ಹೊರಗೆ ಬಂದು ಹೇಳಿದ.

ಇಲ್ಲೊಂದು ಕೆಲಸದ ಮಾತನ್ನೂ ಸೇರಿಸುತ್ತೇನೆ. ಚರ್ಮಗಂಟು ರೋಗಕ್ಕೆ ಲಸಿಕೆ ಇದೆ. ಆಡುಕುರಿಗಳಿಗೆ ಬರುವ ಪಿಪಿಆರ್‌ಗೂ, ಒಂದೇ ವಾರದಲ್ಲಿ ಗೂಡನ್ನು ಬರಿದು ಮಾಡುವ ಕೋಳಿಗಳ ಕೊಕ್ಕರೆ ರೋಗಕ್ಕೂ ಲಸಿಕೆ ಇದೆ. ನಾಲ್ಕು ಕೋಳಿಗೆ ಯಾರು ಲಸಿಕೆ ಹಾಕಿಸುತ್ತಾರೆ ಎನ್ನಬೇಡಿ. ಆ ನಾಲ್ಕು ಕೋಳಿಯ ಹಣದಲ್ಲಿ ಮಗಳ ಸಮವಸ್ತ್ರ ಹೊಲಿಸುವವರಿಗೆ ಅದರ ಬೆಲೆ ಗೊತ್ತು. ಏನೂ ಸೂಚನೆಯಿಲ್ಲದೆ ದನವೋ ಆಡೋ ಹಠಾತ್ತಾಗಿ ಬಿದ್ದು ಸತ್ತು, ಮೂಗು ಬಾಯಿಯಿಂದ ರಕ್ತ ಬಂದಿದ್ದರೆ ಅದನ್ನು ಮುಟ್ಟಬೇಡಿ, ಕತ್ತರಿಸಬೇಡಿ. ಅಂತ್ರಾಕ್ಸ್ ಇರಬಹುದು. ಮೊದಲು ಪಶುವೈದ್ಯರಿಗೆ ತಿಳಿಸಿ. ಹೂಳುವಾಗ ಬಾವಿಯಿಂದ ದೂರವಿರಲಿ, ಗುಂಡಿ ನಾಯಿ ಕೆದಕದಷ್ಟು ಆಳವಿರಲಿ.

ಬಕ್ರೀದ್‌ನ ಆಡು

ಓದುಗ ಸಹೋದರಿಯರಲ್ಲಿ ಹಲವರ ಮನಸ್ಸಿನಲ್ಲಿ ಈಗ ಒಂದು ಪ್ರಶ್ನೆ ಎದ್ದಿರಬಹುದು. ಕುರ್ಬಾನಿಗೆಂದು ತಂದ ಆಡನ್ನು ಮಕ್ಕಳು ಹಚ್ಚಿಕೊಂಡರೆ ಏನು ಮಾಡುವುದು? ಕೆಲವು ಮನೆಗಳಲ್ಲಿ ಹಬ್ಬಕ್ಕೆ ಎರಡು ವಾರ ಮೊದಲೇ ಆಡು ಬರುತ್ತದೆ. ಮಕ್ಕಳು ಹೆಸರಿಡುತ್ತಾರೆ, ಬಿಸ್ಕತ್ತು ತಿನ್ನಿಸುತ್ತಾರೆ, ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಹಬ್ಬದ ದಿನ ಏನೋ ನೆಪ ಹೇಳಿ ಅವರನ್ನು ಪಕ್ಕದ ಮನೆಗೆ ಕಳುಹಿಸಿ, ಸಂಜೆ "ಓಡಿಹೋಯಿತು" ಎನ್ನುತ್ತೇವೆ. ತಟ್ಟೆಯಲ್ಲಿ ಮಾಂಸ ನೋಡಿದ ಮಗು ಏನು ಯೋಚಿಸುತ್ತದೆ ಎಂದು ನಾವು ಯೋಚಿಸುವುದಿಲ್ಲ.

ನನಗನಿಸುವಂತೆ ಆಡು ಮನೆಗೆ ಬಂದ ದಿನವೇ ಅದು ಯಾತಕ್ಕಾಗಿ ಬಂದಿದೆ ಎಂದು ಮಗುವಿಗೆ ಹೇಳಬೇಕು. ಅದನ್ನು ಹಸಿವು ಬಾಯಾರಿಕೆಯಲ್ಲಿ ಇಡಬಾರದು, ಅದರ ಮುಂದೆ ಕತ್ತಿ ಮಸೆಯಬಾರದು, ಇನ್ನೊಂದು ಪ್ರಾಣಿಯ ಎದುರು ಕೊಯ್ಯಬಾರದು ಎಂಬ ನಿಯಮಗಳನ್ನೂ ಹೇಳಬೇಕು. ಮಗು ಅತ್ತರೆ ಅಳಲಿ. ಪ್ರೀತಿಪಾತ್ರವಾದುದನ್ನು ಬಿಟ್ಟುಕೊಡುವುದೇ ಕುರ್ಬಾನಿಯ ತಿರುಳಾಗಿರುವಾಗ, ಅಳುವ ಮಗು ನಮಗಿಂತ ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ ಎಂದೇ ಅರ್ಥ. ಆ ದಿನ ಮಾಂಸ ತಿನ್ನಲಾರೆ ಎಂದರೆ ಬಲವಂತ ಬೇಡ. ಒಂದು ಪಾಲನ್ನು ಬಡವರ ಮನೆಗೆ ಕೊಡಲು ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ, ಅಷ್ಟು ಸಾಕು. ಇದನ್ನು ಒಪ್ಪದ ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ. ಚಿಕ್ಕ ಮಕ್ಕಳಿಗೆ ಇದೆಲ್ಲಾ ಏಕೆ ಎಂಬುದು ಅವರ ವಾದ. ಇರಲಿ, ನಾನು ಅಜ್ಜಿಮನೆಯ ಹಟ್ಟಿಯಲ್ಲಿ ನಿಂತು ಬಂದವಳು.

ಸಣ್ಣ ಮಕ್ಕಳಿಗೆ ಸಾವೆಂದರೆ ಮರಳಿ ಬರಲಾಗದ್ದು ಎಂದು ಬೇಗ ಅರ್ಥವಾಗುವುದಿಲ್ಲ. ನಾಲ್ಕೈದು ವರ್ಷದವರು ನಾಳೆ ಏಳುತ್ತದೆ ಎಂದೇ ತಿಳಿಯುತ್ತಾರೆ. ಏಳೆಂಟರ ಹೊತ್ತಿಗೆ ನಿಧಾನವಾಗಿ ತಿಳಿಯತೊಡಗುತ್ತದೆ. ಆದ್ದರಿಂದಲೇ "ಮಲಗಿದೆ" ಎಂದು ಹೇಳಬಾರದು ಎನ್ನುತ್ತಾರೆ ತಿಳಿದವರು. ಹಾಗೆ ಕೇಳಿದ ಮಗು ರಾತ್ರಿ ತಾನು ಮಲಗಲು ಹೆದರಬಹುದು. 'ಸತ್ತುಹೋಯಿತು' ಎಂಬ ಮಾತನ್ನೇ ಮೆಲ್ಲಗೆ ಹೇಳುವುದು ಒಳ್ಳೆಯದು.

ಆ ದಿನ ನಾನೂ ಹಾಗೆಯೇ ಹೇಳಿದೆ. ಗೋಣಿಚೀಲ ಕೆಳಗಿಟ್ಟು, ಹಳೆಯ ಟವೆಲ್‌ನಲ್ಲಿ ಮುನ್ನಿಯನ್ನು ಒರೆಸಿ, ಜಗಲಿಯ ಮೇಲೆ ಮಲಗಿಸಿ ಮಗಳನ್ನು ಎಬ್ಬಿಸಿದೆ. ನೋಡಿದಳು. ಮುಟ್ಟಬಹುದೇ ಎಂದು ಕೇಳಿದಳು. ಬೆರಳ ತುದಿಯಿಂದ ಕಿವಿಯನ್ನು ಮುಟ್ಟಿ "ತಣ್ಣಗಿದೆ" ಎಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ನನ್ನವರು ಕೆಲಸಕ್ಕೆ ತಡವಾದರೂ ಪೇರಳೆ ಮರದ ಬುಡದಲ್ಲಿ ಗುಂಡಿ ತೋಡಿಕೊಟ್ಟರು. ಮಣ್ಣು ಮುಚ್ಚಿದ ಮೇಲೆ ಅವಳು ಒಳಗೆ ಹೋಗಿ ಅದರ ಹಾಲಿನ ತಟ್ಟೆ ತಂದು ಅಲ್ಲಿಟ್ಟಳು. ತೆಗೆ ಎನ್ನಲು ನನಗೆ ಮನಸ್ಸಾಗಲಿಲ್ಲ. ಮಳೆನೀರು ತುಂಬಿದ ಆ ತಟ್ಟೆಗೆ ಈಗ ಮಡಿವಾಳ ಹಕ್ಕಿಗಳು ಬರುತ್ತವೆ.

ಅವಳು ಹಲವು ದಿನ ಪ್ರಶ್ನೆ ಕೇಳಿದಳು. ಅದಕ್ಕೆ ನೋವಾಯಿತೇ? ಗೊತ್ತಿಲ್ಲ, ಆಗಿದ್ದರೂ ಸ್ವಲ್ಪ ಹೊತ್ತು ಅಷ್ಟೇ. ನಾನು ರಾತ್ರಿ ಬಾಗಿಲು ಹಾಕಿದ್ದಕ್ಕೆ ಹೀಗಾಯಿತೇ? ಅಲ್ಲ ಮಗಳೇ. ಈ ಎರಡನೆಯ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. ಬೆಕ್ಕು ಎಲ್ಲಿಗೋ ಹೋಗಿದೆ ಎಂದು ಹೇಳಿದ್ದರೆ ಈ ಪ್ರಶ್ನೆ ಹೊರಗೆ ಬರುತ್ತಲೇ ಇರಲಿಲ್ಲ, ಅವಳೊಳಗೆ ಉಳಿದುಬಿಡುತ್ತಿತ್ತು.

ಆ ರಾತ್ರಿ ಅವಳು ನಿದ್ದೆ ಹೋದ ಮೇಲೆ ಉಮ್ಮನಿಗೆ ಫೋನು ಮಾಡಿದೆ. ಅವರಿಗೀಗ ಎಪ್ಪತ್ತೆರಡು. ಹಟ್ಟಿ ಇದ್ದ ಜಾಗದಲ್ಲಿ ತಮ್ಮ ಕಾರು ನಿಲ್ಲಿಸುತ್ತಾನೆ. ಮುನ್ನಿಯ ವಿಷಯ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ನಂತರ ಒಂದಿಷ್ಟು ಧೈರ್ಯ ತಂದುಕೊಂಡು ಕೇಳಿದೆ:

"ಚುಕ್ಕಿಗೆ ಏನಾಯಿತು ಉಮ್ಮಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಫೋನು ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಶುರು ಮಾಡಿದರು. ವ್ಯಾಪಾರಿ ಬಂದದ್ದು ಅಸರ್ ಹೊತ್ತಿಗೆ. ಚುಕ್ಕಿ ಅವನ ಹಿಂದೆ ಹೋಗಲೊಪ್ಪಲಿಲ್ಲ. ಕೊನೆಗೆ ಉಮ್ಮನೇ ಮುಂದೆ ನಡೆದರು, ಅದು ಅವರ ಹಿಂದೆ ರಸ್ತೆಯವರೆಗೆ ನಡೆದು ಬಂತು. ಟೆಂಪೊ ಹತ್ತಿಸುವಾಗಲೂ ಇವರನ್ನೇ ನೋಡುತ್ತಿತ್ತು. ಹಗ್ಗ ಮಾತ್ರ ಕೊಡಲಿಲ್ಲ, ಬಿಚ್ಚಿ ಇಟ್ಟುಕೊಂಡೆ ಎಂದರು. ಅದೇ ಹಗ್ಗದಲ್ಲಿ ಮರುವರ್ಷ ತಂಗಿಗೆ ತೊಟ್ಟಿಲು ಕಟ್ಟಿದ್ದಂತೆ. ನನಗೆ ಗೊತ್ತೇ ಇರಲಿಲ್ಲ. ಹೀಗೆ ಮುಕ್ಕಾಲು ಗಂಟೆ ಮಾತನಾಡಿದರು. ಮೊಣಕಾಲು ನೋವು, ಮಾತ್ರೆ, ತಮ್ಮನ ಮಕ್ಕಳು ಯಾವುದೂ ಆ ದಿನ ಅವರ ಮಾತಿನಲ್ಲಿ ಬರಲಿಲ್ಲ.

ಇಶಾ ನಮಾಝ್ ಬಾಕಿ ಇದೆ ಎಂದು ಫೋನು ಇಡಲು ಹೊರಟವರು ಮತ್ತೆ ಕರೆದರು.

"ನೋಡು, ಅದರ ಎಡಗಿವಿಯ ತುದಿ ಸ್ವಲ್ಪ ಹರಿದಿತ್ತಲ್ಲ, ಬೇಲಿಯ ಮುಳ್ಳು ತಾಗಿ. ನಿನಗೆ ನೆನಪಿದೆಯಾ?"

ನನಗೆ ನೆನಪಿತ್ತು.